ಬೆಳಗಿನ ಹಾಲು

ಲಿಯುಚಿಯು ದ್ವೀಪ
೧೮ ನವೆಂಬರ್ ೨೦೦೧

ಸಮುದ್ರದ ಮೇಲಿರುವ ನನ್ನ ಮಗ ಎಂಗ್‌ಹುಯಿಗೆ,

ಊಟ ಆಯಿತೇ? ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ನೀನು ಯಾವ ನೀರಿನಲ್ಲಿರುತ್ತೀಯೋ, ಅಲ್ಲಿ ಬಿಸಿಲೋ ಚಳಿಯೋ, ನನಗೆ ಗೊತ್ತಿಲ್ಲ. ಹಿಂದಿನ ಸಲ ಸಾಮಾನು ಹಡಗು ಹೊರಟಾಗ ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪು ಕಳಿಸಿದೆ, ಕಾಲುಚೀಲ ಕಳಿಸಿದೆ, ಪತ್ರ ಮಾತ್ರ ಕಳಿಸಲಿಲ್ಲ. ಡಬ್ಬಿಯ ತಳದವರೆಗೂ ತಡಕಿ ಬೈದುಕೊಂಡಿರುತ್ತೀಯ. ಬರೆದಿರಲಿಲ್ಲ ಎಂದಲ್ಲ, ಬರೆದು ಒಲೆಗೆ ಹಾಕಿದೆ. ತಡವಾಯಿತೆಂದು ಈಗಲೇ ಸಿಟ್ಟು ಮಾಡಿಕೊಳ್ಳಬೇಡ. ಸಿಟ್ಟಾಗುವುದಕ್ಕೆ ಮುಂದೆ ಬೇಕಾದಷ್ಟಿದೆ.

ಅಕ್ಷರ ನೋಡಿ ಗಾಬರಿಯಾಗಬೇಡ. ಪ್ರತಿ ಸಲ ಪಕ್ಕದ ಮನೆಯ ಮೇಷ್ಟ್ರು ಬರೆದುಕೊಡುತ್ತಿದ್ದರು, ನಾನು ಹೇಳುತ್ತಿದ್ದೆ. ಈ ಸಲ ಅವರ ಮುಂದೆ ಹೇಳುವ ಮಾತಲ್ಲ. ಹಾಗಾಗಿ ನಾನೇ ಕೂತಿದ್ದೇನೆ. ಕೋಳಿ ಕೆದಕಿದ ಹಾಗಿದೆ, ನಿಧಾನವಾಗಿ ಓದಿಕೋ.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಮಗ, ನಮ್ಮ ನಾಯಿಮರಿ, ಮನೆಯಲ್ಲಿದ್ದಾನೆ. ಅವನಷ್ಟಕ್ಕೆ ಅವನೇ ಉಸಿರಾಡುತ್ತಾನೆ, ಕೊಳವೆ ಇಲ್ಲ, ಯಂತ್ರ ಇಲ್ಲ. ಹೊಟ್ಟೆಯ ಹೊಲಿಗೆ ಒಣಗಿ ತೆಳ್ಳಗೆ ಗೆರೆಯಾಗಿದೆ. ಕೆನ್ನೆ ಬರುತ್ತಿದೆ. ಮೂಗು ನಿನ್ನದೇ, ಪಾಪ. ಹೆಸರು ಇನ್ನೂ ಇಟ್ಟಿಲ್ಲ, ನೀನು ಬಂದ ಮೇಲೆ ಆಗಲಿ. ಅಲ್ಲಿಯವರೆಗೆ ನಾಯಿಮರಿ ಎಂದೇ ಕರೆಯೋಣ, ಯಾವ ಕಣ್ಣೂ ಬೀಳದಿರಲಿ. ಹುಟ್ಟಿದ್ದೇ ದೆವ್ವಗಳು ಹೊರಗೆ ಅಲೆಯುವ ತಿಂಗಳಲ್ಲಿ, ಊರವರು ಆಡಿಕೊಳ್ಳುವುದಕ್ಕೆ ಅದೇ ಸಾಕಾಗಿದೆ.

ಎರಡನೆಯದು, ಈ ಪತ್ರ ಬರೆಯುತ್ತಿರುವ ಕಾರಣ. ನಿನ್ನ ಹೆಂಡತಿಯ ಬಗ್ಗೆ ನಾನು ರೇಡಿಯೋದಲ್ಲಿ ಹೇಳಿದೆನಲ್ಲ, ಅದು ಸುಳ್ಳು. ಸೆನ್ ಏನೂ ತಿಂದಿರಲಿಲ್ಲ, ಏನೂ ಕುಡಿದಿರಲಿಲ್ಲ. ಮಾಡಿದವಳು ನಾನು. ಆಮೇಲೆ ನಿನಗೆ ಹೇಳಬೇಕೆಂದು ರೇಡಿಯೋ ದಿನ ಬಂದಾಗಲೆಲ್ಲ ಮೀನುಗಾರರ ಸಂಘದ ಕೋಣೆಯಲ್ಲಿ ಸಾಲು ನಿಂತೆ. ಪ್ರತಿ ಸಲವೂ ನಿಮ್ಮ ಕ್ಯಾಪ್ಟನ್ನೇ ಬರುತ್ತಾನೆ, ನೀನು ಮಲಗಿದ್ದೀಯ ಎನ್ನುತ್ತಾನೆ, ಬಲೆ ಎಳೆಯುತ್ತಿದ್ದೀಯ ಎನ್ನುತ್ತಾನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ನೀನು, ನೀನು ಯಾವಾಗ ಮಲಗುತ್ತೀಯ ಎಂದು ನನಗೆ ಗೊತ್ತಿಲ್ಲವೇ? ಸೆನ್ ತಪ್ಪೇನೂ ಇಲ್ಲ ಎಂದು ಅವನಿಗೆ ಹೇಳು ಎಂದೆ. "ಆಯ್ತಮ್ಮ, ಹೇಳ್ತೀನಿ, ಓವರ್" ಎಂದ. ಹೇಳಿದನೋ ಬಿಟ್ಟನೋ. ಹಿಂದೆ ಊರಿನ ಅರ್ಧ ಹೆಂಗಸರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಅವರ ಮುಂದೆ ಅವಳ ಹೆಸರು ಕೆಡಿಸಲು ಬಾಯಿ ಬಂತು, ನನ್ನ ಹೆಸರು ಹೇಳಲು ಬರಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಡುವೆ ಬಿಟ್ಟು ಏಳಬೇಡ.

ತುಂಗ್‌ಕಾಂಗಿನ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅವನು ನೀಲಿಯಾಗಿದ್ದ, ಅದು ನಿನಗೆ ಗೊತ್ತು. ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಿದೆ, ಕರುಳು ಮೇಲೆ ಹೋಗಿ ಎದೆಯೊಳಗೆ ಕೂತಿದೆ, ಶ್ವಾಸಕೋಶಕ್ಕೆ ಜಾಗವೇ ಇಲ್ಲ ಎಂದರು. ಆಂಬ್ಯುಲೆನ್ಸಿನಲ್ಲಿ ಹಾಕಿಕೊಂಡು ಕಾವ್‌ಶುಂಗಿನ ದೊಡ್ಡ ಆಸ್ಪತ್ರೆಗೆ ಓಡಿದರು. ಆಪರೇಷನ್ ಆದ ಸುದ್ದಿಯನ್ನು ನಾನೇ ನಿನಗೆ ಕೂಗಿ ಹೇಳಿದೆ. ಸೆನ್‌ಳನ್ನು ದ್ವೀಪಕ್ಕೆ ವಾಪಸ್ ಕರೆತಂದೆ. ಬಾಣಂತಿ ಅಲ್ಲವೇ? ಕಿಟಕಿ ಮುಚ್ಚಿದೆ, ಫ್ಯಾನ್ ತೆಗೆಸಿದೆ, ಎಳ್ಳೆಣ್ಣೆಯಲ್ಲಿ ಶುಂಠಿ ಹುರಿದು ಕೋಳಿ ಬೇಯಿಸಿ ಕೊಟ್ಟೆ. ತಲೆಗೆ ನೀರು ಹಾಕಲು ಬಿಡಲಿಲ್ಲ.

ಅವಳು ಒಂದೇ ಒಂದು ಕೇಳಿದಳು, ಮಗುವನ್ನು ನೋಡಲು ಕರೆದುಕೊಂಡು ಹೋಗಿ ಎಂದು. ಬಾಣಂತಿ ದೋಣಿ ಹತ್ತಿ ಸಮುದ್ರದ ಗಾಳಿ ಕುಡಿದರೆ ಮುಪ್ಪಿನಲ್ಲಿ ಮೂಳೆ ಮೂಳೆ ನೋಯುತ್ತದೆ ಎಂದು ಗದರಿದೆ. ಅವಳೂರು ವಿಯೆಟ್ನಾಂನಲ್ಲಿ ಬಾಣಂತಿಯನ್ನು ಇನ್ನೂ ಬಿಗಿಯಾಗಿ ಕೂರಿಸುತ್ತಾರಂತೆ, ಹಾಗಾಗಿ ಎದುರಾಡಲಿಲ್ಲ. ತಿಂಗಳು ತುಂಬಿತು. ರಕ್ತ ಜಾಸ್ತಿ ಹೋಗಿದೆ, ನಲವತ್ತು ದಿನ ಕೂರು ಎಂದು ನಾನೇ ಎಳೆದೆ. ಅವಳ ಮೇಲಿನ ಕಾಳಜಿ ಎಂದುಕೊಂಡಿದ್ದೆ. ಈಗ ಯೋಚಿಸಿದರೆ, ಮಗುವಿನ ಹತ್ತಿರ ನಾನೊಬ್ಬಳೇ ಇರುವುದು ನನಗೆ ಹಿತವಾಗಿತ್ತು. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ.

ಅವಳು ಕೋಣೆಯಲ್ಲಿ ಕೂತು ಹಾಲು ಹಿಂಡಿ ಕೊಡುತ್ತಿದ್ದಳು. ನಿನ್ನ ಮೀನಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ನಾನು ಬೆಳಗಿನ ದೋಣಿ ಹತ್ತುತ್ತಿದ್ದೆ. ಎಷ್ಟು ತೊಳೆದರೂ ಪೆಟ್ಟಿಗೆ ಮೀನಿನ ವಾಸನೆ ಬಿಡಲಿಲ್ಲ. ನರ್ಸುಗಳು ನಗುತ್ತಿದ್ದರು, ಮೀನುಗಾರನ ಮಗನಿಗೆ ಈಗಲೇ ಅಭ್ಯಾಸವಾಗಲಿ ಎಂದು.

ಗಾಜಿನ ಪೆಟ್ಟಿಗೆಯಲ್ಲಿ ಅವನು ಮಲಗಿದ್ದನ್ನು ನೀನು ನೋಡಿಲ್ಲ. ಬಾಯಿಯಲ್ಲಿ ಕೊಳವೆ, ಮೂಗಿನಲ್ಲಿ ಕೊಳವೆ, ಹೊಕ್ಕುಳಿನಲ್ಲಿ ಕೊಳವೆ. ಆದರೂ ಮುಖ ಮಾತ್ರ ನೆಮ್ಮದಿಯಾಗಿತ್ತು. ಇಷ್ಟೆಲ್ಲ ಆಗಿ ಇಷ್ಟು ಹಾಯಾಗಿ ಹೇಗೆ ನಿದ್ದೆ ಮಾಡುತ್ತಾನೆ ಎಂದು ಕೇಳಿದೆ. ನೋವು ಗೊತ್ತಾಗದಂತೆ ಮಾರ್ಫಿನ್ ಕೊಡುತ್ತಿದ್ದೇವೆ ಎಂದರು ಡಾಕ್ಟರ್ ತೂ. ನಿನ್ನ ವಯಸ್ಸಿನ ಹೆಂಗಸು, ಸಣ್ಣ ದನಿ. ಆ ಹೆಸರು ಕಿವಿಗೆ ಬೀಳುತ್ತಲೇ ನಿನ್ನ ತಮ್ಮನ ಎಡಗೈ ಕಣ್ಣ ಮುಂದೆ ಬಂತು, ಆ ಸೂಜಿಯ ಕಲೆಗಳ ಸಮೇತ. ಅವನು ಚುಚ್ಚಿಕೊಳ್ಳುತ್ತಿದ್ದದ್ದು ಇದರ ಅಣ್ಣನೋ ತಮ್ಮನೋ ತಾನೇ? ಅದೇ ಮನೆತನದ ವಿಷ. ಮಗುವನ್ನು ಹುಟ್ಟುತ್ತಲೇ ಚಟಗಾರನನ್ನಾಗಿ ಮಾಡುತ್ತೀರಾ ಎಂದು ಅಲ್ಲೇ ಜಗಳಕ್ಕೆ ನಿಂತೆ.

ಡಾಕ್ಟರ್ ಸಿಟ್ಟಾಗಲಿಲ್ಲ. "ಅಜ್ಜಿ, ನಿಮ್ಮ ಹೊಟ್ಟೆ ಕೊಯ್ದು ಹೊಲಿದು, ಗಂಟಲಿಗೊಂದು ಕೊಳವೆ ತುರುಕಿ, ಅಳೋಕೂ ಆಗದ ಹಾಗೆ ಮಲಗಿಸಿದ್ರೆ ನಿಮಗೆ ಹೇಗಿರುತ್ತೆ? ಇವನಿಗೂ ಹಾಗೇ ಇರುತ್ತೆ. ಹೇಳೋಕೆ ಬಾಯಿಲ್ಲ ಅಷ್ಟೆ," ಎಂದರು. ಹಿಂದೆಲ್ಲ ಹಸುಗೂಸಿಗೆ ನೋವೇ ಇರುವುದಿಲ್ಲ ಎಂದು ತಿಳಿದು ಹಾಗೇ ಕೊಯ್ಯುತ್ತಿದ್ದರಂತೆ. ನಾನು ಬಾಯಿ ಮುಚ್ಚಿದೆ. ಆದರೆ ಹೊಟ್ಟೆಯೊಳಗಿನ ಭಯ ಬಾಯಿ ಮುಚ್ಚಿದರೆ ಹೋಗುತ್ತದೆಯೇ.

ಕೆಲವು ವಾರದ ಮೇಲೆ ಯಂತ್ರ ತೆಗೆದು ಅವನನ್ನು ವಾರ್ಡಿಗೆ ಹಾಕಿದರು. ನರದಿಂದ ಕೊಡುತ್ತಿದ್ದ ಮದ್ದನ್ನು ನಿಲ್ಲಿಸಿ ಬಾಯಿಗೆ ಹನಿ ಹಾಕಲು ಶುರು ಮಾಡಿದರು, ಅದನ್ನೂ ಸ್ವಲ್ಪ ಸ್ವಲ್ಪವೇ ಇಳಿಸುತ್ತ. ಇಳಿಸಿದಾಗಲೆಲ್ಲ ಅವನು ಆಕಳಿಸುತ್ತಿದ್ದ, ಸೀನುತ್ತಿದ್ದ. ಹಣೆಯಲ್ಲಿ ಬೆವರು. ಮುಷ್ಟಿ ಬಾಯಿಗೆ ತುರುಕಿಕೊಂಡು ಚೀಪುವುದು, ಹಾಲು ಕೊಟ್ಟರೆ ಕಕ್ಕುವುದು. ಗಲ್ಲ ನಡುಗುತ್ತಿತ್ತು. ಎಂಗ್‌ಹುಯಿ, ಇದನ್ನು ನಾವಿಬ್ಬರೂ ಹಿಂದೆ ನೋಡಿದ್ದೇವೆ. ನಿನ್ನ ತಮ್ಮ ಊಟಕ್ಕೆ ಕೂತವನು ಒಂದರ ಹಿಂದೆ ಒಂದು ಆಕಳಿಸಿದನೆಂದರೆ ಇವನಿಗೆ ಸಮಯವಾಯಿತು ಎಂದು ನಾವು ಮುಖ ಮುಖ ನೋಡಿಕೊಳ್ಳುತ್ತಿರಲಿಲ್ಲವೇ? ಅದೇ ಆಕಳಿಕೆ, ಒಂದು ಅಂಗೈಯಗಲದ ಮುಖದಲ್ಲಿ.

ಆ ವಾರ್ಡಿನಲ್ಲಿದ್ದ ನರ್ಸ್ ಪಾನ್ ಒಳ್ಳೆಯ ಹುಡುಗಿ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಚಟ ಎನ್ನುವುದು ಮನಸ್ಸಿನದು, ಇವನಿಗೆ ಮದ್ದು ಬೇಕು ಎನ್ನುವ ಮನಸ್ಸೇ ಇನ್ನೂ ಇಲ್ಲ, ಮೈಗೆ ಮಾತ್ರ ರೂಢಿಯಾಗಿದೆ, ಮೆಟ್ಟಿಲು ಇಳಿಸಿದ ಹಾಗೆ ಒಂದೊಂದೇ ಇಳಿಸಬೇಕು, ಒಮ್ಮೆಲೇ ಬಿಡಿಸಿದರೆ ಮೈ ತಡೆಯುವುದಿಲ್ಲ ಎಂದಳು. ಹೂಂ ಹೂಂ ಎಂದು ತಲೆಯಾಡಿಸಿದೆ. ಮನಸ್ಸಿನಲ್ಲಿ, ಹೋಗೇ ಹುಡುಗಿ, ನೀನೇನು ನೋಡಿದ್ದೀಯ ಎಂದುಕೊಂಡೆ. ಚಟ ಬಿಡಿಸುವ ದಾರಿ ನನಗೆ ಗೊತ್ತು ಎಂಬ ಅಹಂಕಾರ ಇತ್ತಲ್ಲ. ನಿನ್ನ ತಮ್ಮನನ್ನು ಬಲೆ ಇಡುವ ಕೋಣೆಗೆ ಹಾಕಿ ಚಿಲಕ ಜಡಿದದ್ದು, ನೀನು ಹೊರಗೆ ಬಾಗಿಲಿಗೆ ಒರಗಿ ಕೂತದ್ದು, ಅವನು ಕೂಗಿ ಕೂಗಿ ಸುಸ್ತಾಗಿ ಕೊನೆಗೆ ಹೊರಬಂದು ಗಂಜಿ ಕುಡಿದದ್ದು. ಆ ವರ್ಷ ಅವನು ಚೆನ್ನಾಗಿದ್ದ. ಆಮೇಲೆ ಏನಾಯಿತು ಎನ್ನುವುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗಟ್ಟಿ ಮನಸ್ಸು ಮಾಡಿ ಒಂದೇ ಸಲ ನಿಲ್ಲಿಸಿದರೆ ಆಗುತ್ತದೆ ಎಂಬುದೊಂದೇ ತಲೆಯಲ್ಲಿ ಉಳಿದಿತ್ತು.

ನರ್ಸ್ ಪಾನ್ ಹನಿಯನ್ನು ಅಳತೆ ಮಾಡಿ ಪುಟ್ಟ ಬಟ್ಟಲಿನ ಹಾಲಿನಲ್ಲಿ ಬೆರೆಸಿ, ಮೊದಲು ಇದನ್ನು ಕುಡಿಸಿ ಅಜ್ಜಿ, ಆಮೇಲೆ ಬಾಟಲಿ ಎಂದು ಹೇಳುತ್ತಿದ್ದಳು. ಮೊದಮೊದಲು ನಿಂತು ನೋಡುತ್ತಿದ್ದಳು. ವಾರ್ಡ್ ತುಂಬ ಮಕ್ಕಳು, ಅವಳಿಗೆರಡೇ ಕೈ. ಅಜ್ಜಿ ಇದ್ದಾರಲ್ಲ ಎಂದು ನಂಬಿ ಮುಂದಿನ ಹಾಸಿಗೆಗೆ ಹೋಗತೊಡಗಿದಳು.

ನಾನು ಆ ಬಟ್ಟಲನ್ನು ಮೂಲೆಯ ಬೇಸಿನ್ನಿಗೆ ಸುರಿದೆ. ನಲ್ಲಿ ಬಿಟ್ಟೆ. ಬರೀ ಹಾಲು ಕುಡಿಸಿದೆ.

ಇಲ್ಲಿ ಎದ್ದು ಹೋಗಿದ್ದೆ. ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ದೋಣಿಯಲ್ಲಿ ಬರುವ ಪ್ರವಾಸಿಗರು ನಮ್ಮ ಎಳ್ಳಿನ ತಿರುಚು ಕಡ್ಡಿಗೆ ಈಗಲೂ ಮುಗಿಬೀಳುತ್ತಾರೆ. ಅದಕ್ಕೇನೂ ಕಡಿಮೆಯಿಲ್ಲ. ಇವತ್ತು ಒಂದು ಬಾಣಲೆಯಷ್ಟು ಸೀದು ಕರಿಕಲಾಯಿತು.

ಮುಂದೆ ಹೇಳುತ್ತೇನೆ. ಮರುದಿನವೇ ಮಗು ಕೆಟ್ಟಿತು. ಅವನ ಅಳು ಅಳುವಿನ ಹಾಗಿರಲಿಲ್ಲ, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕ ಹಾಗೆ ಕೀರಲು ದನಿ, ನಿಲ್ಲುವುದೇ ಇಲ್ಲ. ಎತ್ತಿಕೊಂಡರೆ ಕಡ್ಡಿಯಂತೆ ಸೆಟೆಯುತ್ತಿದ್ದ. ಕಾಲು ಹಾಸಿಗೆಗೆ ಉಜ್ಜಿ ಉಜ್ಜಿ ಹಿಮ್ಮಡಿ ಕೆಂಪಾಯಿತು, ಭೇದಿಯಾಗಿ ಕುಂಡಿಯ ಚರ್ಮ ಸುಲಿಯಿತು. ನಾನು ಹಲ್ಲು ಕಚ್ಚಿ ಕೂತೆ. ವಿಷ ಇಳಿಯುತ್ತಿದೆ, ತಡೆದುಕೋ ಕಂದ, ನಿನ್ನ ಚಿಕ್ಕಪ್ಪ ತಡೆದುಕೊಂಡನಲ್ಲ, ಎಂದು ಅವನ ಕಿವಿಯಲ್ಲಿ ಹೇಳುತ್ತಿದ್ದೆ. ಮಗನೇ, ಅಷ್ಟು ದೊಡ್ಡ ಗಂಡಸು ಗೋಡೆಗೆ ತಲೆ ಚಚ್ಚಿಕೊಂಡು ಕೂಗಿ ತಡೆದುಕೊಂಡದ್ದನ್ನು ಒಂದು ತಿಂಗಳ ಕೂಸು ತಡೆದುಕೊಳ್ಳಲಿ ಎಂದು ನಾನು ಕೂತಿದ್ದೆ.

ಆಗಲೂ ನಿಜ ಹೇಳಬಹುದಿತ್ತು. ಅದನ್ನು ಬಿಟ್ಟು ಅವನ ಅಂಗಿ ತೆಗೆದುಕೊಂಡು ಆಸ್ಪತ್ರೆಯ ಹಿಂದಿನ ಓಣಿಯ ಗುಡಿಗೆ ಹೋದೆ. ಅಲ್ಲಿ ಅಂಜಿಕೆ ಬಿಡಿಸುವ ಮುದುಕಿ ಇದ್ದಾಳೆ. ಬಟ್ಟಲು ಅಕ್ಕಿಯನ್ನು ಅಂಗಿಯಲ್ಲಿ ಸುತ್ತಿ, ಊದುಬತ್ತಿ ಆಡಿಸಿ, ಬಿಚ್ಚಿ ನೋಡಿ, ಅಕ್ಕಿ ಇಲ್ಲಿ ತಗ್ಗಿದೆ ನೋಡು, ಮಗು ಬೆಚ್ಚಿದೆ ಎಂದಳು. ಗಾಜಿನ ಪೆಟ್ಟಿಗೆ, ಯಂತ್ರದ ಸದ್ದು, ಬೆಚ್ಚದೆ ಇರುತ್ತದೆಯೇ ಎಂದು ನಾನೂ ತಲೆದೂಗಿದೆ. ಅಂಗಿ ತಂದು ಅವನಿಗೆ ಹೊದಿಸಿದೆ. ಆವತ್ತು ಮಧ್ಯಾಹ್ನದ ಬಟ್ಟಲನ್ನೂ ಬೇಸಿನ್ನಿಗೆ ಸುರಿದೆ.

ಸಂಜೆ ಜ್ವರ ಬಂತು. ರಕ್ತಕ್ಕೆ ನಂಜೇರಿದೆಯೋ, ಮಿದುಳಿನವರೆಗೆ ಹೋಗಿದೆಯೋ ಎಂದು ಡಾಕ್ಟರುಗಳು ಓಡಾಡಿದರು. ಹಾಲು ನಿಲ್ಲಿಸಿದರು. ಬೆನ್ನುಮೂಳೆಯ ನಡುವೆ ಸೂಜಿ ಹಾಕಿ ನೀರು ತೆಗೆಯಬೇಕು, ಅಜ್ಜಿ ಹೊರಗಿರಿ ಎಂದರು. ಅವನನ್ನು ಸುರುಳಿ ಮಾಡಿ ಹಿಡಿದದ್ದು ಬಾಗಿಲ ಗಾಜಿನಲ್ಲಿ ಕಂಡಿತು. ನಾನು ಒಂದು ಮಾತು ಆಡಿದ್ದರೆ ಆ ಸೂಜಿ ಬೇಕಿರಲಿಲ್ಲ. ಬೇಸಿನ್ನಿಗೆ ಸುರಿದೆ, ಅಷ್ಟೇ ಮಾತು. ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಪೊಲೀಸರನ್ನು ಕರೆದರೆ? ಮೊಮ್ಮಗನನ್ನು ಕೊಂದವಳು ಎಂದರೆ? ನಿನಗೆ ಗೊತ್ತಾದರೆ?

ಸೂಜಿಯಲ್ಲಿ ಏನೂ ಸಿಗಲಿಲ್ಲ. ಆಗ ಡಾಕ್ಟರ್ ತೂ ನನ್ನನ್ನು ಕರೆದು ಕೂರಿಸಿದರು. ಹನಿ ಸರಿಯಾಗಿ ಹೋಗುತ್ತಿದೆ, ಆದರೂ ಹನಿಯೇ ಹೋಗದವನ ಹಾಗೆ ಆಡುತ್ತಿದ್ದಾನೆ, ನಮ್ಮ ಅಂದಾಜಿಗಿಂತ ಹೆಚ್ಚು ಬೇಕೋ ಏನೋ ಎಂದರು. ಆಮೇಲೆ ಕೇಳಿದರು: "ತಪ್ಪು ತಿಳ್ಕೋಬೇಡಿ. ಬಸುರಿಯಾಗಿದ್ದಾಗ ಇವನ ತಾಯಿ ಏನಾದ್ರೂ ತಗೋತಿದ್ರಾ? ನೋವಿನ ಮಾತ್ರೆ, ಮತ್ತಿನದು, ಅಂಥದ್ದೇನಾದ್ರೂ?"

ಇಲ್ಲ ಎನ್ನಬೇಕಿತ್ತು. ತಲೆನೋವಿಗೆ ಒಂದು ಮಾತ್ರೆ ಕೊಟ್ಟರೂ ಹೊಟ್ಟೆಯಲ್ಲಿರುವುದಕ್ಕೆ ಆಗಿಬರುವುದಿಲ್ಲ ಎಂದು ವಾಪಸ್ ಇಡುತ್ತಿದ್ದವಳು ಅವಳು. ನಾನೇ ನೋಡಿದ್ದೇನೆ. ಆದರೆ ನನ್ನ ಬಾಯಿಂದ ಬಂದದ್ದು ಇದು: "ಹೊರಗಿನಿಂದ ಬಂದವಳು ತಾಯಿ, ಅವಳ ಹಿಂದು ಮುಂದು ನನಗೇನು ಗೊತ್ತು?"

ಅಷ್ಟೇ ಹೇಳಿದ್ದು. ಸುಳ್ಳು ಕೂಡ ಅಲ್ಲ ಎಂದು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಸೆನ್‌ಳನ್ನು ಕರೆಸಿದರು. ನಲವತ್ತು ದಿನ ತುಂಬಿರಲಿಲ್ಲ. ತಲೆಗೆ ಉಣ್ಣೆ ಟೋಪಿ, ಆ ಸೆಕೆಯಲ್ಲಿ ಎರಡೆರಡು ಕಾಲುಚೀಲ, ನಾನು ಹೇಳಿಕೊಟ್ಟ ಹಾಗೆಯೇ ಬಾಯಿಗೆ ಬಟ್ಟೆ ಕಟ್ಟಿಕೊಂಡು ದೋಣಿಯಲ್ಲಿ ಬಂದಿದ್ದಳು. ಮಗುವನ್ನು ನೋಡಲು ಬಿಡುವ ಮೊದಲು ಆಸ್ಪತ್ರೆಯ ಒಬ್ಬ ಹೆಂಗಸು ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ ಏನೇನೋ ಕೇಳಿದಳು, ತೋಳು ತೋರಿಸು ಎಂದಳು. ಡಬ್ಬಿ ಕೊಟ್ಟು ಮೂತ್ರ ಕೇಳಿದರು. ಡಬ್ಬಿ ಹಿಡಿದುಕೊಂಡು ನನ್ನ ಮುಂದೆಯೇ ಹಾದು ಹೋದಳು. ಇದು ಯಾಕಮ್ಮ ಎಂದು ಕೇಳಿದಳು. ಇಲ್ಲಿನ ಪದ್ಧತಿ, ಎಲ್ಲ ತಾಯಂದಿರಿಗೂ ಮಾಡುತ್ತಾರೆ ಎಂದೆ.

ಮರುದಿನವೇ ರೇಡಿಯೋ ದಿನ. ಬೆಳಗಿನ ದೋಣಿಯಲ್ಲಿ ಊರಿಗೆ ಬಂದವಳು ನೆಟ್ಟಗೆ ಸಂಘದ ಕೋಣೆಗೆ ಹೋದೆ. ಮಗುವಿಗೆ ಹುಷಾರಿಲ್ಲ ಎಂದಾಗ, ಯಾಕೆ ಹೀಗಾಯಿತು ಎಂದು ನೀನು ಕೂಗಿ ಕೇಳಿದೆ. ಏನು ಹೇಳಲಿ? ಸೆನ್ ಮೇಲೆ ಡಾಕ್ಟರಿಗೆ ಅನುಮಾನ, ಬಸುರಿಯಲ್ಲಿ ಏನು ತಿಂದಿದ್ದಳೋ ಯಾರಿಗೆ ಗೊತ್ತು ಎಂದು ಗಟ್ಟಿಯಾಗಿಯೇ ಹೇಳಿದೆ. ಗರಗರ ಸದ್ದು. ಆಮೇಲೆ ನಿನ್ನ ದನಿ. "ಮಗು ಹುಷಾರಾದ ಮೇಲೆ ಅವಳನ್ನ ಅವಳೂರಿಗೆ ಕಳಿಸಿಬಿಡು. ನಾನು ಬಂದಾಗ ಅವಳು ಆ ಮನೇಲಿರಬಾರದು. ಓವರ್." ಆ ನೀರಿನಲ್ಲಿದ್ದ ಎಲ್ಲ ಹಡಗೂ ಕೇಳಿತು, ನನ್ನ ಹಿಂದಿನ ಬೆಂಚೂ ಕೇಳಿತು. ನನ್ನ ಮಗ ಇಷ್ಟು ಕಟುವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ತಮ್ಮನನ್ನು ಹೊತ್ತು ಹೂಳಿದವನು ನೀನು, ಆ ಸಿಟ್ಟು ಎಲ್ಲಿಂದ ಬಂತೆಂದು ಗೊತ್ತು. ಆ ಸಿಟ್ಟು ನನಗೆ ಸಲ್ಲಬೇಕಾದದ್ದು. ಅದು ಅವಳ ತಲೆಯ ಮೇಲೆ ಬೀಳಲಿ ಎಂದು ನಾನು ಪಕ್ಕಕ್ಕೆ ಸರಿದು ನಿಂತೆ.

ಅತ್ತ ಆಸ್ಪತ್ರೆಯಲ್ಲಿ ಸೆನ್ ಮಗುವನ್ನು ಕೈಗೆ ತೆಗೆದುಕೊಂಡಿದ್ದಳು. ಬಟ್ಟಲಿನ ಹಾಲನ್ನು ಒಂದು ತೊಟ್ಟೂ ಚೆಲ್ಲದೆ ಕುಡಿಸುತ್ತಿದ್ದಳು, ತಳದಲ್ಲಿ ಉಳಿದದ್ದನ್ನು ಬೆರಳಿಗೆ ಸವರಿ ಅವನ ಬಾಯಿಗಿಡುತ್ತಿದ್ದಳು. ಪರದೆ ಎಳೆದು ಕತ್ತಲೆ ಮಾಡಿ, ಅವನನ್ನು ಬಿಗಿಯಾಗಿ ಸುತ್ತಿ ಎದೆಗೆ ಒತ್ತಿಕೊಂಡು ಅವಳ ಭಾಷೆಯಲ್ಲಿ ಏನೋ ಗುನುಗುತ್ತಿದ್ದಳು. ನಾನು ವಾಪಸ್ ಬರುವಷ್ಟರಲ್ಲಿ ಕೀರಲು ಅಳು ನಿಂತಿತ್ತು. ಡಾಕ್ಟರ್ ತೂ ಅಚ್ಚರಿಪಟ್ಟರು. ಮೂತ್ರದಲ್ಲಿ ಏನೂ ಸಿಗಲಿಲ್ಲ ಎಂದು ಬಂದಾಗ ಆ ದೊಡ್ಡ ಡಾಕ್ಟರು ಸೆನ್ ಮುಂದೆ ತಲೆ ಬಾಗಿಸಿ ಕ್ಷಮೆ ಕೇಳಿದರು. ಸೆನ್ ಏಕೆಂದು ತಿಳಿಯದೆ ತಾನೂ ಬಾಗಿದಳು.

ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮೊಗಸಾಲೆಯಲ್ಲಿ ಡಾಕ್ಟರನ್ನು ನಿಲ್ಲಿಸಿ ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. "ಆ ದಿನ ಹೇಳಿದ್ದಿದ್ರೆ ಬೆನ್ನಿಗೆ ಸೂಜಿ ಹಾಕ್ತಿರಲಿಲ್ಲ ಅಜ್ಜಿ," ಎಂದರು. ಅಷ್ಟೇ. ಆಮೇಲೆ ನನ್ನನ್ನು ಮಗುವಿನ ಹತ್ತಿರ ಬಿಡಲಿಲ್ಲ ಎಂದಲ್ಲ, ಬಿಟ್ಟರು, ಆದರೆ ಹನಿ ಹಾಕುವಾಗ ನರ್ಸ್ ಪಾನ್ ಪಕ್ಕದಿಂದ ಕದಲುತ್ತಿರಲಿಲ್ಲ. ಮೊದಲಿನ ಹಾಗೆ ಮಾತಾಡಿಸುತ್ತಲೂ ಇರಲಿಲ್ಲ. ಅವಳು ಮೇಲಿನವರಿಂದ ಬೈಸಿಕೊಂಡಿದ್ದಳಂತೆ. ಹನಿಯನ್ನು ಮತ್ತೆ ಮೇಲಿನ ಮೆಟ್ಟಿಲಿನಿಂದ ಇಳಿಸುತ್ತ ಬಂದರು. ಈಗ ಪೂರ್ತಿ ನಿಂತಿದೆ. ಡಾಕ್ಟರ್ ಕೊನೆಯ ಸಲ ನೋಡಿ, ಇನ್ನು ಇವನು ಎಲ್ಲ ಮಕ್ಕಳ ಹಾಗೆಯೇ ಎಂದರು. ಚಟಗಾರ ಆಗುವುದಿಲ್ಲವೇ ಎಂದು ನಾನು ಮತ್ತೊಮ್ಮೆ ಕೇಳಿದೆ ನೋಡು, ಇಷ್ಟಾದ ಮೇಲೂ. ಇಲ್ಲ ಅಜ್ಜಿ ಎಂದರು.

ಮನೆಗೆ ಬಂದಾಗಿನಿಂದ ಸೆನ್ ಮಾತು ಕಡಿಮೆ ಮಾಡಿದ್ದಾಳೆ. ಕೆಲಸದಲ್ಲಿ ಏನೂ ಕೊರತೆಯಿಲ್ಲ, ನನಗೆ ಬೆನ್ನು ನೋವೆಂದರೆ ಒತ್ತುತ್ತಾಳೆ. ಇತ್ತೀಚೆಗೆ ಸ್ವಲ್ಪ ಹತ್ತಿರವಾಗಿದ್ದಾಳೆ ಎಂದು ನನಗೆ ಸಮಾಧಾನ. ಮೊದಲು ಮಗುವನ್ನು ಕೆಳಗೇ ಬಿಡುತ್ತಿರಲಿಲ್ಲ. ಈಗ ಮಧ್ಯಾಹ್ನದ ಹಾಲನ್ನು ನೀವೇ ಕುಡಿಸಿ ಎಂದು ಡಬ್ಬಿ ಹಾಲು ಕಲಸಿ ನನ್ನ ಕೈಗೆ ಕೊಡುತ್ತಾಳೆ. ಮೊದಲು ಅವನು ಬಾಟಲಿ ಬೇಡವೆಂದು ಹೆಣಗಿದ. ನಾಲ್ಕು ದಿನದ ಮೇಲೆ ಒಗ್ಗಿದ. ಆಮೇಲೆ ಸಂಜೆಯದನ್ನೂ ನನಗೇ ಕೊಟ್ಟಳು. ಈಗ ರಾತ್ರಿಯೂ ನನ್ನ ಮಗ್ಗುಲಲ್ಲೇ ಮಲಗಿಸುತ್ತಾಳೆ, ನಿಮ್ಮ ಉಸಿರು ಅಭ್ಯಾಸವಾಗಲಿ ಎಂದು. ನನ್ನಂಥವಳ ಕೈಗೆ ಮಗುವನ್ನು ಕೊಡಲು ಎಷ್ಟು ದೊಡ್ಡ ಮನಸ್ಸು ಬೇಕು, ಯೋಚಿಸು. ನಾನು ಸುರಿದದ್ದು ಅವಳಿಗೆ ಗೊತ್ತಿಲ್ಲ. ಡಾಕ್ಟರಿಗೆ ಹೇಳಿದ್ದನ್ನು ಅವಳಿಗೆ ಹೇಳಲು ನನ್ನಿಂದ ಆಗಿಲ್ಲ. ಈ ಪತ್ರ ಹಡಗು ಹತ್ತಿಸಿ ಬಂದು ಹೇಳುತ್ತೇನೆ.

ನೀನು ಮಾಡಬೇಕಾದದ್ದು ಒಂದೇ. ನನ್ನನ್ನು ಏನಾದರೂ ಅನ್ನು, ಮಾತು ಬಿಡು, ಹಬ್ಬಕ್ಕೆ ಬಂದಾಗ ನನ್ನ ಕೈಯಿಂದ ಉಣ್ಣಬೇಡ. ಆದರೆ ರೇಡಿಯೋಗೆ ಬಾ. ಬಂದು ಅವಳ ಹೆಸರು ಹಿಡಿದು ಕರೆ, ಎಲ್ಲರಿಗೂ ಕೇಳುವ ಹಾಗೆ. ಮನೆಯಲ್ಲಿರು, ನಾನು ಬರುತ್ತೇನೆ ಎಂದು ಹೇಳು. ಆ ಮಾತು ಹೋದ ದಾರಿಯಲ್ಲೇ ವಾಪಸ್ ಬರಬೇಕು.

ಕೈಗೆ ಎಣ್ಣೆ ಹಚ್ಚಿಕೋ, ಐಸಿನಲ್ಲಿ ಬಿರಿಯುತ್ತದೆ. ಕಡಲ ದೇವಿ ಮಾಜು ತಾಯಿ ನಿನ್ನ ಹಡಗಿನ ಮುಂದೆ ಮುಂದೆ ನಡೆಯಲಿ, ಅಲೆ ಮಲಗಲಿ, ಬಲೆ ತುಂಬಲಿ. ನೀನು ಹೋದ ಹಾಗೆಯೇ ಎರಡು ಕೈ ಎರಡು ಕಾಲಿನೊಂದಿಗೆ ನಮ್ಮ ಹೊಸ್ತಿಲು ದಾಟಿ ಒಳಗೆ ಬಾ.

ನಿನ್ನ ತಪ್ಪಿತಸ್ಥ ತಾಯಿ,
ಲಿಮ್ ಗ್ಯೊಕ್‌ಚೂ

ಮರೆತದ್ದಲ್ಲ, ಈಗ ಗೊತ್ತಾದದ್ದು: ಲಕೋಟೆ ಅಂಟಿಸಲು ಗಂಜಿ ತೆಗೆದುಕೊಳ್ಳೋಣವೆಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಜವೆಗೋಧಿಯ ಮೊಳಕೆ ಕುದಿಯುತ್ತಿತ್ತು. ಮೊನ್ನೆ ಸೆನ್ ಅಂಗಡಿಯಿಂದ ತನ್ನಿ ಎಂದಿದ್ದಳು, ಬಾಯಾರಿಕೆಗೆ ಇರಬೇಕೆಂದು ತಂದುಕೊಟ್ಟಿದ್ದೆ. ಹೆತ್ತ ಹೆಂಗಸು ಆ ಕಷಾಯವನ್ನು ಕುಡಿಯುವುದು ಎದೆಹಾಲು ಬತ್ತಿಸಿಕೊಳ್ಳುವುದಕ್ಕೆ. ಮೂರು ತಿಂಗಳೂ ಆಗಿಲ್ಲ, ಈಗಲೇ ಯಾಕೆ ಎಂದು ಕೇಳಿದೆ. ಸೌಟು ತಿರುಗಿಸುತ್ತಲೇ ಹೇಳಿದಳು: "ಮಗು ಹುಷಾರಾಯ್ತಲ್ಲಮ್ಮ, ಇನ್ನು ನಾನು ಹೋಗಬೇಕು. ಅವರು ರೇಡಿಯೋದಲ್ಲಿ ಹೇಳಿದ್ದನ್ನ ದೋಣಿಯಲ್ಲಿ ಹೆಂಗಸರು ಹೇಳಿದ್ರು. ಒಂದೇ ಸಲ ಹೋದ್ರೆ ಅವನು ಮತ್ತೆ ಹಾಗೇ ನಡುಗ್ತಾನೆ. ಸ್ವಲ್ಪ ಸ್ವಲ್ಪವಾಗಿ ಬಿಡಿಸಬೇಕು ಅಂತ ನರ್ಸ್ ಹೇಳಿಕೊಟ್ಟಿದ್ದಾರೆ."

ನನಗೆ ಕೊಟ್ಟ ಮಧ್ಯಾಹ್ನದ ಹಾಲು, ಸಂಜೆಯ ಹಾಲು, ನನ್ನ ಮಗ್ಗುಲಿನ ರಾತ್ರಿ, ಎಲ್ಲ ಅದಕ್ಕಾಗಿ. ಅವಳು ಅವನನ್ನು ತನ್ನಿಂದ ಇಳಿಸುತ್ತಿದ್ದಾಳೆ.

ಅಲ್ಲೇ ಕಾಲು ಹಿಡಿದು ಎಲ್ಲ ಹೇಳಿದೆ. ಬೇಸಿನ್ನು, ಬಟ್ಟಲು, ಹೊರಗಿನವಳು ಎಂದದ್ದು, ಎಲ್ಲ. ಬೈಯಲಿಲ್ಲ. ನನ್ನನ್ನು ಎಬ್ಬಿಸಿ ಕೂರಿಸಿದಳು. ನಿಮ್ಮ ಮಗ ಒಂದು ಮಾತೂ ಕೇಳದೆ ನಂಬಿದರಲ್ಲಮ್ಮ ಎಂದಳು. ನೀನು ಹೋಗಬೇಡ ಎಂದೆ. ಕಳಿಸಿ ಎಂದವರು ಅವರು, ಇರು ಎನ್ನುವ ಮಾತೂ ಅವರದೇ ಆಗಬೇಕು ಎಂದು ಕಷಾಯ ಸೋಸಿಕೊಂಡಳು.

ನಾಳೆ ನಾನು ಸಂಘದ ಕೋಣೆಯಲ್ಲಿ ನಿನ್ನ ಕ್ಯಾಪ್ಟನ್‌ಗೇ ಎಲ್ಲವನ್ನೂ ಕೂಗಿ ಹೇಳುತ್ತೇನೆ, ಯಾರು ಬೇಕಾದರೂ ಕೇಳಲಿ. ಆದರೆ ಅವಳು ಕಾಯುತ್ತಿರುವುದು ನನ್ನ ದನಿಗಲ್ಲ. ಬೇಗ ರೇಡಿಯೋಗೆ ಬಾ ಎಂಗ್‌ಹುಯಿ. ಈಗ ಅವಳ ಪಾಲಿಗೆ ಉಳಿದಿರುವುದು ಬೆಳಗಿನ ಹಾಲೊಂದೇ.